ನಡುವಿನ ನಾಲ್ಕು ದಿನ

ಶಹಾಪುರ ತಾಲೂಕು
೯ ಮಾರ್ಚ್ ೨೦೦೪

ಚಿರಂಜೀವಿ ದೇವಿಂದ್ರಮ್ಮಳಿಗೆ ನಿನ್ನ ಅವ್ವ ಹಣಮಮ್ಮ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿಮ್ಮಪ್ಪನ ಮೊಣಕಾಲು ನೋವು ಹಾಗೇ ಇದೆ. ಬೈಯುವುದು ಮಾತ್ರ ಮೊದಲಿಗಿಂತ ಜಾಸ್ತಿಯಾಗಿದೆ, ಅಂದರೆ ಗಟ್ಟಿಮುಟ್ಟಾಗಿದ್ದಾರೆ ಎಂದೇ ತಿಳಿ. ಗುರುಮಿಠಕಲ್ಲಿನಲ್ಲಿ ನೀನು, ಅಳಿಯಂದಿರು ಆರಾಮವೇ? ಕೂಸಿಗೆ ಹಲ್ಲು ಬಂದವೇ? ಹಲ್ಲು ಬರುವಾಗ ಭೇದಿಯಾದರೆ ಹೆದರಬೇಡ, ಸಕ್ಕರೆ ಉಪ್ಪು ಕಲಸಿದ ನೀರು ಕುಡಿಸುತ್ತಿರು.

ನಿನ್ನ ಕಾಗದ ಬಂದು ಮೂರು ತಿಂಗಳಾಯಿತು. ಅಂಗನವಾಡಿಯಲ್ಲಿ ಪೋಲಿಯೊ ಹನಿಯ ಕೆಲಸ ಬಂತು, ಮಕ್ಕಳ ತೂಕ ಬರೆಯುವ ಕೆಲಸ ಬಂತು ಎಂದು ನೆಪ ಹೇಳಬಹುದು. ಹೇಳುವುದಿಲ್ಲ. ನೀನು ಬರೆದದ್ದೇ ಎರಡು ಸಾಲು. "ಅವ್ವ, ಆ ದಿನ ಕೋರ್ಟಿನಲ್ಲಿ ನೀನು ಯಾಕೆ ಹಾಗೆ ಹೇಳಿದೆ? ಹತ್ತು ವರ್ಷ ಕೇಳಲಿಲ್ಲ, ಈಗ ನನಗೂ ಒಬ್ಬ ಮಗಳಿದ್ದಾಳೆ, ಅದಕ್ಕೆ ಕೇಳುತ್ತಿದ್ದೇನೆ." ಆ ಕಾಗದವನ್ನು ರವೆ ಡಬ್ಬಿಯ ಕೆಳಗೆ ಇಟ್ಟೆ. ಮಕ್ಕಳಿಗೆ ಉಪ್ಪಿಟ್ಟು ಮಾಡುವಾಗ ದಿನವೂ ಕೈಗೆ ತಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಊರಿನ ಸುದ್ದಿ ಕೇಳು.

ಬಸವಂತ್ರಾಯನ ಮಗನಿಗೆ ಮದುವೆಯ ವಯಸ್ಸಾಗಿ ಮೂರು ವರ್ಷವಾಯಿತು. ಮೂರು ಕಡೆಯವರು ಮನೆತನ ನೋಡಲು ಬಂದರು, ಮೂರು ಕಡೆಯವರೂ ತಿರುಗಿ ಹೋದರು. ಮೂರನ್ನೂ ಮುರಿದವಳು ನಾನು. ನಿನಗೆ ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ನಮ್ಮ ಅಂಗನವಾಡಿ ಬಸ್ಸು ನಿಲ್ಲುವ ಬೇವಿನ ಮರದ ಎದುರಿಗೇ ಇದೆಯಲ್ಲ, ಬಸ್ಸಿಳಿದವರು ದಾರಿ ಕೇಳುವುದು ಇಲ್ಲೇ. ನನ್ನ ಕೈಯ ನೀರು ಕುಡಿಯದ ಜನ ನನ್ನ ಬಾಯಿಯ ಮಾತನ್ನು ಗಟಗಟ ಕುಡಿಯುತ್ತಾರೆ. "ಬಸವಂತ್ರಾಯರ ಮನಿತನ ಹ್ಯಾಂಗದರಿ?" ಎಂದು ಕೇಳಿದರೆ ಸಾಕು, "ಕುಂದರ್ರಿ, ಹೇಳ್ತೀನಿ" ಎನ್ನುತ್ತೇನೆ. ನಿನ್ನ ಹೆಸರು ಹೇಳುವುದಿಲ್ಲ. ನಮ್ಮೂರಲ್ಲಿ ಹದಿನೇಳು ವರ್ಷದ ಒಬ್ಬ ಹುಡುಗಿಯಿದ್ದಳು, ಬುತ್ತಿ ಹಿಡಿದು ಹೊಲಕ್ಕೆ ಬರುತ್ತಿದ್ದಳು, ಕೆನಾಲಿನ ತೂಬಿನ ಹತ್ತಿರ ಅವಳ ಕೈ ಹಿಡಿದೆಳೆದವನ ಮನೆ ಇದು, ಎನ್ನುತ್ತೇನೆ. ಅತ್ಯಾಚಾರ ಎಂಬ ಶಬ್ದವನ್ನು ನಾನು ಮೊದಲು ಓದಿದ್ದು ಪೊಲೀಸರ ಕಾಗದದಲ್ಲಿ. ಈಗ ಅದನ್ನು ತಡವರಿಸದೆ ಹೇಳುತ್ತೇನೆ.

ಸುರಪುರದಿಂದ ಬಂದವರು ಮುಂದಿನ ಓಣಿಗೂ ಹೋಗಲಿಲ್ಲ, ಅದೇ ಬಸ್ಸು ತಿರುಗಿ ಬಂದಾಗ ಹತ್ತಿದರು. ತಿಂಥಣಿಯ ಹೆಣ್ಣುಮಗಳು ನನ್ನ ಕೈ ಹಿಡಿದು ಅತ್ತಳು. ಮೂರನೆಯವರು ಅವನ ಮನೆಯಲ್ಲಿ ಊಟ ಮುಗಿಸಿ, ಊರು ಮುಟ್ಟಿದ ಮೇಲೆ ಫೋನಿನಲ್ಲಿ ಬೇಡ ಎಂದರು. ನನ್ನ ಜೊತೆ ಕೆಲಸ ಮಾಡುವ ಆಯಾ ಖುರ್ಷೀದಬೇಗಂ ನಗುತ್ತಾಳೆ: "ನಿನ್ನ ಬಾಯಾಗೇ ಕೋರ್ಟ ಅದ ನೋಡ್ ಹಣಮಮ್ಮ, ವಕೀಲಿಲ್ಲ, ತಾರೀಖಿಲ್ಲ, ಅವತ್ತಿಂದವತ್ತೇ ಫೈಸಲಾ."

ಹುಡುಗ ಒಳ್ಳೆಯವನು, ಅವನದೇನು ತಪ್ಪು ಎಂದು ನಿಮ್ಮಪ್ಪ ಬೈಯುತ್ತಾರೆ. ಇರಬಹುದು. ಹದಿನೇಳು ವರ್ಷದಲ್ಲಿ ನೀನೂ ಒಳ್ಳೆಯವಳೇ ಇದ್ದೆ, ನಿನ್ನದೇನು ತಪ್ಪಿತ್ತು? ಬಸವಂತ್ರಾಯನ ಮನೆಯಲ್ಲಿ ಬಳೆಯ ಸಪ್ಪಳ ಕೇಳಬಾರದು. ಅವನ ವಂಶ ಅವನ ಕಣ್ಣೆದುರಿಗೇ ಮುಗಿಯಬೇಕು. ಇಷ್ಟೇ ನನ್ನ ಹರಕೆ.

ಹೋದ ದೀಪಾವಳಿಯಲ್ಲಿ ಅವನು ಅಂಗನವಾಡಿ ಬಾಗಿಲಿಗೇ ಬಂದಿದ್ದ. ಕೂದಲು ಬೆಳ್ಳಗಾಗಿದೆ. "ಹಣಮಮ್ಮ, ಕೋರ್ಟ ನನ್ನ ಬಿಟ್ಟದ. ನೀ ಯಾವಾಗ ಬಿಡ್ತಿ?" ಎಂದ. "ಕೋರ್ಟ ಐದಕ್ಕ ಬಾಗಲಾ ಹಾಕ್ತದರಿ, ನಂದು ಹಾಕಂಗಿಲ್ಲ" ಎಂದೆ. ಖುರ್ಷೀದಬೇಗಂ ಒಳಗೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಆ ದಿನ ನನಗೆ ಎರಡು ರೊಟ್ಟಿ ಹೆಚ್ಚು ಸೇರಿದವು.

ಆದರೆ ಕೋರ್ಟು ಅವನನ್ನು ಬಿಟ್ಟದ್ದು ಖರೆ. ನ್ಯಾಯಾಧೀಶರು ಕೆಟ್ಟವರಾಗಿರಲಿಲ್ಲ, ನಿನಗೆ ಕುರ್ಚಿ ಹಾಕಿಸಿದ್ದರು, ನೀನು ಅತ್ತಾಗ ನೀರು ತರಿಸಿದ್ದರು. ಅವರ ಮುಂದೆ ಏನಿತ್ತು ಹೇಳು. ಹೊಲದಲ್ಲಿ ನೋಡಿದವರಿಲ್ಲ. ಬಟ್ಟೆ ಒಗೆದಾಗಿತ್ತು. ನಾಲ್ಕು ದಿನವಾದ ಮೇಲೆ ನೋಡಿ ಖಚಿತವಾಗಿ ಏನೂ ಹೇಳಲು ಬರುವುದಿಲ್ಲ ಎಂದು ಡಾಕ್ಟರಮ್ಮ ಬರೆದಿದ್ದರು. ಅವನು ನಮ್ಮ ಹೊಲದ ತೂಬು ಬಂದ್ ಮಾಡಿದ ಸಿಟ್ಟಿಗೆ ತಾಯಿ ಮಗಳು ಕೂಡಿ ಕಟ್ಟಿದ ಕೇಸು ಇದು ಎಂದು ಅವನ ವಕೀಲ ಹೇಳಿದ. ಅವನು ತಾನು ಮಾಡಿಲ್ಲ ಎಂದು ಸಾಬೀತು ಮಾಡಲಿಲ್ಲ, ಮಾಡುವ ಗರಜೂ ಇರಲಿಲ್ಲ. ಸಾಬೀತು ಮಾಡುವ ಭಾರವೆಲ್ಲ ನಿನ್ನ ಮೇಲಿತ್ತು, ನಿನ್ನ ಹತ್ತಿರ ಇದ್ದದ್ದು ನಿನ್ನ ಮಾತೊಂದೇ. ಅದೇ ಸಂಜೆ ಅವ್ವನಿಗೆ ಹೇಳಿದೆ ಎಂದು ನೀನು ಹೇಳಿದೆ. ನಾಲ್ಕನೆಯ ದಿನ ಹೇಳಿದಳು ಎಂದು ನಾನು ಹೇಳಿದೆ. ತಾಯಿ ಮಗಳ ಮಾತೇ ಒಂದಕ್ಕೊಂದು ಕೂಡದಿದ್ದಾಗ ಸಂಶಯದ ಲಾಭ ಆರೋಪಿಗೆ ಹೋಗುತ್ತದೆ ಎಂದು ತೀರ್ಪಿನಲ್ಲಿ ಬರೆದರು. ಹೊರಗೆ ಅವನು ಎಲ್ಲರಿಗೂ ಪೇಡೆ ಹಂಚಿದ. ವಕೀಲ ತಿರುವಿ ಮುರುವಿ ಕೇಳಿ ಅವ್ವನ ಬಾಯಿ ತಪ್ಪಿಸಿದ ಎಂದು ನೀನೇ ಎಲ್ಲರಿಗೂ ಹೇಳಿದೆ, ನನ್ನನ್ನು ಕಾಪಾಡಿದೆ. ನಾನು ಸುಮ್ಮನಿದ್ದೆ.

ಈಗ ಕೆಟ್ಟ ಸುದ್ದಿ. ಹೋದ ಸೋಮವಾರ ಬಳಿಚಕ್ರದಿಂದ ಚೆನ್ನಬಸಮ್ಮ ಎಂಬ ಮುದುಕಿ ಒಬ್ಬಳೇ ಬಂದಿಳಿದಳು. ಮೊಮ್ಮಗಳನ್ನು ಬಸವಂತ್ರಾಯನ ಮನೆಗೆ ಕೊಡುವ ಮಾತು ನಡೆದಿತ್ತಂತೆ. ನಾನು ಎಂದಿನಂತೆ ಶುರು ಮಾಡಿದೆ. ಅವಳು ಅಯ್ಯೋ ಅನ್ನಲಿಲ್ಲ, ಪಾಪ ಅನ್ನಲಿಲ್ಲ. ಪೂರ್ತಿ ಕೇಳಿ, "ಠಾಣೇಕ ಯಾವತ್ತ ಹೋದ್ರಿ?" ಎಂದಳು.

"ನಾಕನೇ ದಿನಕ್ಕ."

"ಹುಡಿಗಿ ಅವ್ವಗ ಯಾವತ್ತ ಹೇಳಿದ್ಳು?"

ನಾನು ರವೆ ಡಬ್ಬಿಯ ಕಡೆಗೆ ಕೈ ಚಾಚಿದೆ. ಅವಳು ನನ್ನ ಮುಖವನ್ನೇ ನೋಡಿದಳು. "ಆ ಅವ್ವ ನೀವೇ ಹೌದಲ್ರಿ?"

"ಹೌದ್ರಿ."

"ಮತ್ತ ನಾಕ ದಿನ ಏನ ಮಾಡಿದ್ರಿ?"

ಮಕ್ಕಳ ಊಟದ ಹೊತ್ತಾಯಿತು ಎಂದು ನಾನು ಎದ್ದುಬಿಟ್ಟೆ. ಇನ್ನೂ ಹತ್ತೂವರೆ ಆಗಿರಲಿಲ್ಲ. ಮುದುಕಿ ಹೊಸ್ತಿಲು ದಾಟುವಾಗ ನಿಂತು ಹೇಳಿದಳು: "ನಿಮ್ಮನ್ನ ಸುಳ್ಳಿ ಅನ್ನಂಗಿಲ್ರಿ ಯವ್ವಾ. ಆದ್ರ ಅರ್ಧಾ ಹೇಳಿ ಅರ್ಧಾ ನುಂಗಿದ್ರ ನಾ ಯಾವ್ದನ್ನ ನಂಬ್ಲಿ? ನನಗ ಪೂರಾ ಖರೆ ಬೇಕ್ರಿ." ಅವಳು ಹೋದ ಮೇಲೆ ಖುರ್ಷೀದಬೇಗಂ ನಗಲಿಲ್ಲ. "ಆಕಿಗ್ಯಾಕ ಜವಾಬ ಕೊಡ್ಲಿಲ್ಲ ನೀ?" ಎಂದು ಕೇಳಿ ಪಾತ್ರೆ ತೊಳೆಯಲು ಕೂತಳು.

ಮೂರು ದಿನಕ್ಕೆ ಸಂಬಂಧ ಗಟ್ಟಿಯಾಯಿತು. ಮುಂದಿನ ವಾರ ನಿಶ್ಚಯ. ಬಸವಂತ್ರಾಯ ಅಂಗನವಾಡಿ ಮಕ್ಕಳಿಗೆಂದು ಪೇಡೆಯ ಡಬ್ಬಿ ಕಳಿಸಿದ, ಮೇಲೆ ನನ್ನ ಹೆಸರು ಬರೆಸಿ. ಡಬ್ಬಿ ಸಮೇತ ಕೆನಾಲಿಗೆ ಎಸೆದೆ. ನೀರಿನಲ್ಲಿ ತೇಲಿಕೊಂಡು ಅದು ಅವನ ಹೊಲದ ಕಡೆಗೇ ಹೋಯಿತು, ನೋಡುತ್ತ ನಿಂತೆ.

ಎರಡನೆಯ ಸಲ ಅವನು ಬಿಡುಗಡೆಯಾದ, ದೇವಿ. ಅದೇ ನಾಲ್ಕು ದಿನದ ಸಂದಿಯಿಂದಲೇ ನುಣುಚಿಕೊಂಡ. ಆ ಸಂದಿಯನ್ನು ಮುಚ್ಚುವುದು ನನ್ನೊಬ್ಬಳ ಕೈಯಲ್ಲಿದೆ. ನಾಳೆ ಮೊದಲ ಬಸ್ಸಿಗೆ ಯಾದಗಿರಿಗೆ ಹೋಗಿ, ಅಲ್ಲಿಂದ ಬಳಿಚಕ್ರಕ್ಕೆ ಹೋಗುತ್ತೇನೆ. ಅವರ ಮನೆಯ ಅಂಗಳದಲ್ಲಿ ನಾಲ್ಕು ಮಂದಿಯನ್ನು ಕರೆಸಿ, ಚೆನ್ನಬಸಮ್ಮನ ಎದುರು ಪೂರ್ತಿ ಹೇಳುತ್ತೇನೆ. ಅವನು ಮುಳುಗಬೇಕಾದರೆ ನಾನೂ ಮುಳುಗಬೇಕು ಎಂದಾದರೆ ಹಾಗೇ ಆಗಲಿ. ಊರಿನಲ್ಲಿ ನನ್ನ ಮುಖಕ್ಕೆ ಉಗುಳಲಿ, ಅಂಗನವಾಡಿ ಕೆಲಸ ಹೋಗಲಿ, ನಿಮ್ಮಪ್ಪ ಮನೆಯಿಂದ ಹೊರಗೆ ಹಾಕಲಿ. ಅವನನ್ನು ಬಿಡುವುದಿಲ್ಲ.

ಆದರೆ ಅಲ್ಲಿ ಹೇಳುವುದನ್ನು ನೀನು ಬೇರೆಯವರ ಬಾಯಿಂದ ಕೇಳಬಾರದು. ಕೆಳಗೆ ಬರೆಯುತ್ತೇನೆ. ಸಹಿ ಮೊದಲು ಹಾಕುತ್ತೇನೆ, ಆಮೇಲೆ ಹಾಕಲು ಕೈ ಬರಲಿಕ್ಕಿಲ್ಲ.

ನೀನು ನೂರು ವರ್ಷ ಬಾಳು. ನಿನ್ನ ಮಗಳು ಬಂದು ಏನೇ ಹೇಳಲಿ, ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಎದ್ದುಬಿಡು.

ನಿನ್ನ ಅವ್ವ,
ಹಣಮಮ್ಮ

ತಾ.ಕ.: ನಿನ್ನ ಪ್ರಶ್ನೆಗೆ ಉತ್ತರ. ವಕೀಲ ನನ್ನ ಬಾಯಿ ತಪ್ಪಿಸಲಿಲ್ಲ. ಗೊತ್ತಿದ್ದೇ ಸುಳ್ಳು ಹೇಳಿದೆ. ನೀನು ಹೇಳಿದ್ದು ಅದೇ ಸಂಜೆ, ದೀಪ ಹಚ್ಚುವ ಮೊದಲು.

ಆ ವರ್ಷ ಕೆನಾಲಿನ ನೀರು ಮೊದಲ ಸಲ ನಮ್ಮ ಹೊಲದ ತನಕ ಬಂದಿತ್ತು. ನಮ್ಮದು ಕೊನೆಯ ತುದಿ, ಮೇಲಿನವರು ಬಿಟ್ಟರೆ ಮಾತ್ರ ನಮಗೆ. ಆಗ ನನಗೆ ಅಂಗನವಾಡಿ ಕೆಲಸವಿರಲಿಲ್ಲ, ನಿಮ್ಮಪ್ಪ ಪುಣೆಗೆ ದುಡಿಯಲು ಹೋಗಿದ್ದರು, ಮೆಣಸಿನ ಗಿಡ ಹೂ ಕಚ್ಚಿ ಬಾಡುತ್ತಿತ್ತು. ನೀನು ಬಂದು ಹೇಳಿದಾಗ ಒಂದು ಎಕರೆಗೆ ನೀರು ಮುಟ್ಟಿತ್ತು, ಮೂರು ಎಕರೆ ಬಾಕಿ ಇತ್ತು. ಠಾಣೆಗೆ ಹೋದರೆ ತೂಬು ಮುಚ್ಚುತ್ತಿತ್ತು. ತೂಬಿನ ಕೀಲಿ ಯಾರ ಕೈಯಲ್ಲಿತ್ತು ಎಂದು ನಿನಗೆ ಹೇಳಬೇಕಾಗಿಲ್ಲ. ಅಪ್ಪನಿಗೆ ತಂತಿ ಕೊಟ್ಟಿದ್ದೇನೆ, ಅವರು ಬಂದ ಮೇಲೆ ಹೋಗೋಣ ಎಂದು ನಿನಗೆ ಹೇಳಿದೆ. ಕೊಟ್ಟಿರಲಿಲ್ಲ. ಕೊಟ್ಟದ್ದು ನಾಲ್ಕನೆಯ ದಿನ, ಕೊನೆಯ ಸಾಲಿಗೆ ನೀರು ಮುಟ್ಟಿದ ಮೇಲೆ. ಅವರು ಬರುವ ಮೊದಲೇ ಠಾಣೆಗೆ ಹೊರಟಾಗ ಯಾಕೆ ಎಂದು ನೀನು ಕೇಳಲಿಲ್ಲ.

ಕೋರ್ಟಿನಲ್ಲಿ ವಕೀಲ ನಾಲ್ಕು ದಿನದ ಲೆಕ್ಕ ಕೇಳಿದಾಗ ಅವನು ಕಟಕಟೆಯಿಂದ ನನ್ನನ್ನೇ ನೋಡುತ್ತಿದ್ದ. ನಾನು ಎಲ್ಲಿದ್ದೆ ಎಂದು ಅವನಿಗೆ ಗೊತ್ತಿತ್ತು. ಅದೇ ಸಂಜೆ ಹೇಳಿದಳು ಎಂದಿದ್ದರೆ ನಿನಗೆ ನ್ಯಾಯ ಸಿಗುತ್ತಿತ್ತೇನೋ, ನನ್ನ ಮಾನ ಹೋಗುತ್ತಿತ್ತು. ನಾನು ನನ್ನ ಮಾನ ಆರಿಸಿಕೊಂಡೆ. ನಾಳೆ ಚೆನ್ನಬಸಮ್ಮ ನನ್ನನ್ನು ನಂಬುತ್ತಾಳೆ. ಯಾವ ತಾಯಿಯೂ ತನ್ನ ಮೇಲೆ ತಾನೇ ಇಂಥ ಸುಳ್ಳು ಕಟ್ಟುವುದಿಲ್ಲ.

ಇನ್ನೊಂದಿದೆ. ಎರಡನೆಯ ದಿನ ಮುಂಜಾನೆ ನೀನು ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಅವನು ನಮ್ಮ ಬದುವಿಗೆ ಬಂದು ನಿಂತ. ನನಗೆ ಗೊತ್ತಾಗಿದೆಯೋ ಇಲ್ಲವೋ ಎಂದು ಮುಖ ನೋಡಿದ. "ನೀರ ಸಾಕಾತೇನ ಹಣಮಮ್ಮ? ಬಂದ ಮಾಡ್ಲಿ?" ಎಂದ. ನನ್ನ ಕೈಯಲ್ಲಿ ಸಲಿಕೆ ಇತ್ತು. ಸುತ್ತ ಯಾರೂ ಇರಲಿಲ್ಲ. ಕೈ ಮುಗಿಯಬೇಕೆಂದು ಸಲಿಕೆಯನ್ನು ಕೆಳಗಿಟ್ಟೆ, ದೇವಿ. "ಇನ್ನೆರಡ ದಿನ ಬಿಡ್ರಿ, ಯಪ್ಪಾ" ಎಂದೆ.