ಬಿಳಿ ಕೀ ಒತ್ತಿದರೆ ಕಪ್ಪು

ಮಾರ್ಚ್ ೧೪, ಶನಿವಾರ ಮಧ್ಯಾಹ್ನ

ಮುದ್ದು ಗುಬ್ಬೀ,

ನಿನ್ನ ನೆಗಡಿ ಇಳಿಯಿತೇ? ನೀನು ಕಾಗದ ಬರೆದು ತಿಂಗಳಾಯಿತು, ನಾನು ಉತ್ತರ ಬರೆದಿಲ್ಲ. ಫೋನ್ ಮಾಡಿದಾಗಲೆಲ್ಲ ನಿಮ್ಮಪ್ಪನೇ ಎತ್ತಿ "ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ" ಎನ್ನುತ್ತಾರೆ. ಅಷ್ಟೊಂದು ಸ್ನಾನ ಮಾಡುವವಳು ನಾನಲ್ಲ ಎಂದು ನಿನಗೆ ಗೊತ್ತು. ಅದಕ್ಕೂ ಮುಂಚೆ ಒಂದು ಸಲ ಯಾರೋ "ರಾಂಗ್ ನಂಬರ್" ಎಂದು ಇಟ್ಟುಬಿಟ್ಟರು ಎಂದು ಬರೆದಿದ್ದೀಯಲ್ಲ, ಆ ವಿಷಯ ಆಮೇಲೆ. ಬೈಯುವುದಾದರೆ ಈ ಕಾಗದ ಪೂರ್ತಿ ಓದಿ ಬೈ.

ಇಲ್ಲಿ ಎಲ್ಲರೂ ಕ್ಷೇಮ, ಪಿಯಾನೊ ಒಂದನ್ನು ಬಿಟ್ಟು. ಹಾಗೆಂದು ನಾನು ತಿಳಿದುಕೊಂಡಿದ್ದೆ. ಒಂದು ಸಂಜೆ ಮುಂದಿನ ಕೋಣೆಯಲ್ಲಿ ಎರಡು ಜಡೆಯ ಹುಡುಗಿ ಪಾಠಕ್ಕೆ ಕೂತಿದ್ದಳು. ನಾನು ಅಡುಗೆಮನೆಯಲ್ಲಿ ಟೀ ಸೋಸುತ್ತಾ, "ಕಪ್ಪು ಕೀ ಅಲ್ಲ ಪುಟ್ಟಾ, ಪಕ್ಕದ ಬಿಳೀದು!" ಎಂದು ಕೂಗಿದೆ. ಕಿವಿಗೆ ಬಿದ್ದೊಡನೆ ಯಾವ ಸ್ವರವೆಂದು ತಿಳಿದು, ನೋಡದೆಯೇ ತಪ್ಪು ಹಿಡಿಯುವುದು ನನ್ನ ಹುಟ್ಟುಗುಣವಲ್ಲವೇ.

"ಬಿಳೀದೇ ಒತ್ತಿದ್ದೀನಿ ಮಿಸ್."

"ಎದುರುತ್ತರ ಬೇಡ" ಎಂದು ಗದರಿಕೊಂಡು ಹೋಗಿ ನೋಡಿದರೆ, ಅವಳ ಪುಟ್ಟ ಬೆರಳು ಬಿಳಿಯ ಮೇಲೇ ಇದೆ. ನಾನೂ ಒತ್ತಿದೆ. ಬಿಳಿ ಒತ್ತಿದರೆ ಕಪ್ಪು ಕೇಳಿಸುತ್ತದೆ ಗುಬ್ಬಿ! ಇಡೀ ಪಿಯಾನೊ ಅರ್ಧ ಸ್ವರ ಮೇಲೆ ಹತ್ತಿ ಕೂತಿದೆ.

ಟ್ಯೂನರ್‌ನನ್ನು ಕರೆಸಿದೆ. ಅವನು ಒಳಗೆಲ್ಲ ಬಗ್ಗಿ ನೋಡಿ, "ಪಿಯಾನೊ ಇಳಿಯುತ್ತೆ ಮೇಡಂ, ತಾನಾಗೇ ಹತ್ತಲ್ಲ. ಸರಿಯಾಗೇ ಇದೆ" ಎಂದ. ಜೇಬಿನಿಂದ ಶ್ರುತಿ ನೋಡುವ ಕಬ್ಬಿಣದ ಫೋರ್ಕ್ ತೆಗೆದು, ಮೊಣಕಾಲಿಗೆ ಬಡಿದು ನನ್ನ ಕಿವಿಗೆ ಹಿಡಿದ. "ಇದೂ ಕೆಟ್ಟಿದೆ" ಎಂದೆ. ಅವನು ನಕ್ಕು, "ಫೋರ್ಕಿಗೆ ವಯಸ್ಸಾಗಲ್ಲ ಮೇಡಂ" ಎಂದ. ತಮಾಷೆಗೆ ಹೇಳಿದ, ಪಾಪ. ನನಗೆ ಟೀ ಕೊಡಲೂ ಮನಸ್ಸಾಗಲಿಲ್ಲ.

ನಿಮ್ಮಪ್ಪ ಪೇಪರ್ ಮಡಿಸದೆಯೇ ತೀರ್ಪು ಕೊಟ್ಟರು: "ನಂಗೆ ಬಿಳೀನೂ ಒಂದೇ, ಕರೀನೂ ಒಂದೇ. ನಾನು ಸುಖವಾಗಿಲ್ವಾ?" ಇವರ ಜೊತೆ ಮೂವತ್ತು ವರ್ಷ ಹೇಗೆ ಬಾಳಿದೆನೋ!

ಅಷ್ಟಕ್ಕೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ನಮ್ಮ ಹಾಡುಗಾರರ ತಂಡದ, ಅದೇ ಕಾಯರ್ ಕಾರ್ಯಕ್ರಮ ಬಂತು. ನಮ್ಮ ಪದ್ಧತಿ ನಿನಗೆ ನೆನಪಿರಬೇಕು. ಬೇರೆ ತಂಡದವರು ಪಿಯಾನೊ ಒತ್ತಿ ಸ್ವರ ಹಿಡಿಯುತ್ತಾರೆ. ನಮ್ಮಲ್ಲಿ ಎರಡನೇ ಸಾಲಿನಲ್ಲಿ ನಿಂತು ನಾನು ಮೆಲ್ಲಗೆ ಗುನುಗುತ್ತೇನೆ, ಅದನ್ನೇ ಹಿಡಿದು ಎಲ್ಲರೂ ಎತ್ತಿಕೊಳ್ಳುತ್ತಾರೆ. ಮೂರನೇ ಚರಣದ ಹೊತ್ತಿಗೆ ನಾನು ಸದ್ದಿಲ್ಲದೆ ಸರಿದುಹೋಗಿ ಪಿಯಾನೊ ಮುಂದೆ ಕೂತು ಹಾಡಿಗೆ ಸೇರುತ್ತೇನೆ. ಆ ಗಳಿಗೆ ಕೂದಲೆಳೆಯಷ್ಟೂ ವ್ಯತ್ಯಾಸ ಬರುವುದಿಲ್ಲವಲ್ಲ, ಜನ ಅದಕ್ಕೇ ಕಾದು ಕೂತಿರುತ್ತಾರೆ.

ಅವತ್ತೂ ಗುನುಗಿದೆ. ಎಲ್ಲರೂ ಎತ್ತಿಕೊಂಡರು. ನನ್ನ ಕಿವಿಗೆ ಹಾಡು ಅಚ್ಚುಕಟ್ಟಾಗಿತ್ತು. ಹಿಂದಿನ ಸಾಲಿನ ಗಂಡಸರು ಮಾತ್ರ ಕೆಳಗಿನ ಸ್ವರ ಎಟುಕದೆ ಗೊರಗೊರ ಅನ್ನುತ್ತಿದ್ದರು, ನೆಗಡಿಯಿರಬೇಕು ಅಂದುಕೊಂಡೆ. ಮೂರನೇ ಚರಣಕ್ಕೆ ಹೋಗಿ ಕೂತು ಎರಡೂ ಕೈ ಇಟ್ಟೆ. ಅಯ್ಯೋ ಗುಬ್ಬಿ! ಹಾಡು ಒಂದು ಕಡೆ, ಪಿಯಾನೊ ಒಂದು ಕಡೆ, ಒಂದೇ ಚೀಲದಲ್ಲಿ ಎರಡು ಬೆಕ್ಕು ಹಾಕಿದ ಹಾಗೆ. ಕೇಳಲು ಬಂದವರ ಮುಂದಿನ ಸಾಲಿನಲ್ಲಿ ಮಗುವೊಂದು ಕಿವಿ ಮುಚ್ಚಿಕೊಂಡಿತು.

ಆಗ ಏನಾಯಿತು ಗೊತ್ತೇ? ಒಬ್ಬರೂ ಪಿಯಾನೊದ ಸ್ವರಕ್ಕೆ ಬರಲಿಲ್ಲ. ನಾನು ಕೊಟ್ಟ ಸ್ವರವನ್ನೇ ಬಿಗಿಯಾಗಿ ಹಿಡಿದುಕೊಂಡು ಹಾಡುತ್ತಾ ಹೋದರು. ಪಿಯಾನೊ ತಪ್ಪಬಹುದು, ಇವಳು ತಪ್ಪುವುದುಂಟೇ ಅಂತ. ನಾನೇ ಕೈ ತೆಗೆದುಬಿಟ್ಟೆ.

ಆಮೇಲೆ ಕಾಯರ್ ಮಾಸ್ತರರು ಮೆಟ್ಟಿಲ ಹತ್ತಿರ ನಿಂತು, ನನ್ನ ಮುಖ ನೋಡದೆ, "ಅಕ್ಕಾ, ಮುಂದಿನ ಸಲ ಪಿಯಾನೊದಿಂದಲೇ ಸ್ವರ ತಗೊಳ್ಳೋಣ. ಸುಮ್ನೆ ಯಾಕೆ ರಿಸ್ಕು?" ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನನಗಾಗಿಯೇ ಹುಟ್ಟಿತೇನೋ ಅನಿಸಿ ನಾಚಿಕೆಯಾಯಿತು.

ಕಿವಿ ಡಾಕ್ಟರ ಹತ್ತಿರವೂ ಹೋಗಿಬಂದೆ. "ವಯಸ್ಸಾದ ಮೇಲೆ ಕೆಲವರಿಗೆ ಎಲ್ಲಾ ಸ್ವರಾನೂ ಒಂಚೂರು ಮೇಲೆ ಕೇಳ್ಸುತ್ತೆ ಅಮ್ಮಾ. ಬೇರೆಯವರಿಗೆ ಗೊತ್ತೇ ಆಗಲ್ಲ. ನಿಮ್ಮಂಥೋರಿಗೆ ಮಾತ್ರ ಗೊತ್ತಾಗೋದು" ಎಂದರು. ಅಂದರೆ ಅವತ್ತು ನಾನು ಸರಿಯೆಂದು ಗುನುಗಿದ್ದೇ ಅರ್ಧ ಸ್ವರ ಕೆಳಗಿತ್ತು. ವಾಸಿಯಾಗುವುದೇ ಎಂದರೆ, "ಅಭ್ಯಾಸ ಆಗುತ್ತೆ" ಎಂದರು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ನನ್ನದು ಸುಡದೆಯೇ ಹೋಯಿತಲ್ಲೇ!

ಹೋಯಿತೋ ಇಲ್ಲವೋ, ಅದೂ ತಿಳಿಯುತ್ತಿಲ್ಲ. ಒಂದು ಹೊತ್ತು ಡಾಕ್ಟರು ಹೇಳಿದ್ದೇ ಸರಿ ಅನಿಸುತ್ತದೆ. ಇನ್ನೊಂದು ಹೊತ್ತು ಊರೆಲ್ಲ ಸೇರಿ ಶ್ರುತಿ ಬದಲಾಯಿಸಿ ನನಗೊಬ್ಬಳಿಗೆ ಹೇಳಲಿಲ್ಲವೇನೋ ಅನಿಸುತ್ತದೆ. ಈಗ ಮಕ್ಕಳ ಪಕ್ಕದಲ್ಲೇ ಕೂತು, ಬೆರಳು ನೋಡಿ ತಪ್ಪು ಹೇಳುತ್ತೇನೆ. ಎರಡು ಜಡೆಯವಳು, "ಮಿಸ್, ಈಗ ಯಾಕೆ ಅಡುಗೆಮನೆಯಿಂದ ಬೈಯಲ್ಲ?" ಎಂದು ಕೇಳಿದಳು. ಟೀ ಬಿಟ್ಟಿದ್ದೇನೆ ಎಂದೆ.

ಗುರುವಾರ ಮತ್ತೆ ಕಾಯರ್ ಅಭ್ಯಾಸವಿದೆ. ಎರಡನೇ ಸಾಲಿನಲ್ಲಿ ನನ್ನ ಜಾಗ ಹಾಗೇ ಇಟ್ಟಿದ್ದಾರೆ. ಹೋಗಲೋ ಬೇಡವೋ? ಹೋದರೆ ನನ್ನ ಕಿವಿಗೆ ತಪ್ಪು ಅನಿಸಿದ್ದನ್ನೇ ಹಾಡಬೇಕು, ಅದೇ ಸರಿಯಂತೆ. ನನಗೆ ತಲೆಬುಡ ಅರ್ಥವಾಗುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ತಣ್ಣನೆ ಗಾಳಿಗೆ ಕಿವಿ ಒಡ್ಡಬೇಡ. ನಿನ್ನ ಕಿವಿ ನೂರು ವರ್ಷ ನಿನಗೆ ಸುಳ್ಳು ಹೇಳದಿರಲಿ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸಲು ಹೋದೆ, ಮನಸ್ಸು ಬರಲಿಲ್ಲ. ಮಾತು ಕಲಿತಾಗಿನಿಂದ ನೀನು "ಅಮ್ಮಾ" ಎಂದು ಕರೆಯುವುದು ಒಂದೇ ಸ್ವರದಲ್ಲಿ. ಅಳುವಾಗಲೂ ಅದೇ, ಜಗಳಕ್ಕೂ ಅದೇ. ಶಾಲೆ ಬಿಟ್ಟಾಗ ಅಷ್ಟು ಮಕ್ಕಳು ಒಟ್ಟಿಗೆ "ಅಮ್ಮಾ" ಎಂದು ಕೂಗಿದರೂ ನಾನು ನಿನ್ನ ಕಡೆಗೇ ತಿರುಗುತ್ತಿದ್ದೆ. ಅವತ್ತು ಫೋನ್ ಎತ್ತಿದವಳು ನಾನೇ ಗುಬ್ಬಿ. "ಅಮ್ಮಾ" ಅಂದೆ ನೀನು. ಅದು ನಿನ್ನ ಸ್ವರವಾಗಿರಲಿಲ್ಲ. ಯಾರೋ ಬೇರೆ ಹುಡುಗಿ ಎಂದುಕೊಂಡು "ರಾಂಗ್ ನಂಬರ್" ಎಂದು ಇಟ್ಟುಬಿಟ್ಟೆ. ಇಟ್ಟ ಮೇಲೆ ತಿಳಿಯಿತು. ಅಂದಿನಿಂದ ಫೋನ್ ಎತ್ತಲು ಹೆದರಿಕೆ. ರಜೆ ಹಾಕಿ ಬಂದುಬಿಡು. ಬಾಗಿಲಲ್ಲಿ ನಿಂತು ಕರೆ. ಮೊದಲ ಸಲಕ್ಕೆ ನಾನು ತಿರುಗದಿದ್ದರೆ ಬೇಸರ ಮಾಡಿಕೊಳ್ಳದೆ ಇನ್ನೊಮ್ಮೆ ಕರೆ, ಮತ್ತೊಮ್ಮೆ ಕರೆ. ನಿನ್ನ ಮುಖ ನೋಡಿಕೊಂಡು ಹೊಸದಾಗಿ ಕಲಿತುಕೊಳ್ಳುತ್ತೇನೆ.