ಎಡಗಡೆ ಮಲಗುವ ಮಗಳಿಗೆ ಹೇಳಬೇಕಾದ ಮಾತು

ಹುಬ್ಬಳ್ಳಿ
ಉರಿಮಾಸದ ನಲವತ್ತನೆಯ ದಿನ, ೨೧೪೮

ಕಸ್ತೂರಿ ಅವ್ವನಿಗೆ, ನಿನ್ನ ಮಗಳು ಸಹನಾಳ ಮರಿಮಗಳಾದ ಮುಕ್ತಾ ಮಾಡುವ ನಮಸ್ಕಾರಗಳು.

ತಿಂಗಳಿಗೆ ನಲವತ್ತು ದಿನ ಎಲ್ಲಿಂದ ಬಂತು ಎಂದು ನಗಬೇಡ. ಏಪ್ರಿಲ್, ಮೇ ಎರಡನ್ನೂ ಕೂಡಿಸಿ ನಾವು ಉರಿಮಾಸ ಎನ್ನುತ್ತೇವೆ. ಆಗ ಶಾಲೆಗಳು ಸೂರ್ಯ ಮುಳುಗಿದ ಮೇಲೆ ನಡೆಯುತ್ತವೆ. ನಾನು ಪಾಠ ಹೇಳುವುದೂ ಆಗಲೇ. ನನ್ನ ಮಾತು ವಿಚಿತ್ರ ಎನಿಸಿದರೆ ಮನ್ನಿಸು. ನೂರು ವರ್ಷ ಹಿಂದಿನ ನಿನ್ನ ಆಪರೇಷನ್ನಿಗೆ ಮುಂಚೆ ಈ ಕಾಗದ ನಿನ್ನ ಕೈ ಸೇರಬೇಕೆಂದು ನನ್ನಾಸೆ. ಸೇರುವುದಿಲ್ಲ ಎಂದು ಬುದ್ಧಿಗೆ ಗೊತ್ತು, ಮನಸ್ಸು ಕೇಳುವುದಿಲ್ಲ.

ನಿನ್ನ ಹಾಗೆ ನನಗೂ ಎಡ ಎದೆಯಲ್ಲಿ ಗಂಟು ಕಂಡಿತು. ಆ ಮೊಲೆ ತೆಗೆದು, ಅಲ್ಲಿ ನಿನಗೆ ಇಡುವಂಥದೇ ಸಿಲಿಕೋನ್ ಇಂಪ್ಲಾಂಟ್ ಇಡುವುದು ನಾಳೆ. ನಿನಗೆ ಇಂಗ್ಲಿಷ್ ಕಾಗದವೊಂದನ್ನು ಕೊಟ್ಟು, "ಇಲ್ಲಿ ಸೈನ್ ಮಾಡ್ರಿ" ಎನ್ನುತ್ತಾರೆ. ನೀನು ಮಾಡುತ್ತೀಯ. ನಮ್ಮಲ್ಲಿ ಸಹಿಗೆ ಬೆಲೆಯಿಲ್ಲ, ಮರುನುಡಿಗೆ ಇದೆ. ಏನು ಮಾಡುತ್ತಾರೆ, ಏನು ಕೆಡಬಹುದು, ಏನೂ ಇಡದೆ ಹಾಗೇ ಇರಬಹುದೇ ಎಂಬುದನ್ನೆಲ್ಲ ಡಾಕ್ಟರು ಹೇಳಿದ ಮೇಲೆ, ನಾವು ಅದನ್ನು ಮನೆಮಾತಿನಲ್ಲಿ ತಿರುಗಿ ಹೇಳಬೇಕು. ಅದೇ ಮರುನುಡಿ. ಕೇಳುವವಳು ಜೊತೆಗಾತಿ, ಅಂದರೆ ಇದೇ ಆಪರೇಷನ್ ಮಾಡಿಸಿಕೊಂಡ ಹೆಂಗಸು. ಅವಳು ಒಪ್ಪದೆ ಡಾಕ್ಟರು ಕತ್ತಿ ಹಿಡಿಯುವಂತಿಲ್ಲ. ಗಂಡ, ಅತ್ತೆ, ಸಲಹೆ ಕೊಡಲು ಬಂದ ಚಿಕ್ಕಮ್ಮಂದಿರು ಎಲ್ಲ ಹೊರಗೆ ಚಹಾ ಕುಡಿಯುತ್ತ ಕೂರಬೇಕೆಂದು ಕಾಯ್ದೆಯೇ ಹೇಳುತ್ತದೆ.

ನಾನು ಮಾಸ್ತರಿಣಿ, ಜಂಬ ಬೇರೆ. ಎಲ್ಲವನ್ನೂ ಉರು ಹೊಡೆದು, ಒಂದಕ್ಷರ ತಪ್ಪದೆ ಒಪ್ಪಿಸಿದೆ. ನನ್ನ ಜೊತೆಗಾತಿ ಈರವ್ವ ತಲೆಯಾಡಿಸಿದಳು. "ಬಾಯಿಪಾಠ ಬ್ಯಾಡವಾ. ನಿನಗೇನು ತಿಳೀತು, ಅದನ್ನ ಹೇಳು." ನಾನು ಮತ್ತೆ ಅದನ್ನೇ ಮೊದಲಿಂದ ಒಪ್ಪಿಸತೊಡಗಿದೆ. ಆಗ ಅವಳು ನನ್ನ ಕೈಯನ್ನು ತನ್ನ ಎಡ ಎದೆಯ ಮೇಲೆ ಇಟ್ಟುಕೊಂಡು, ಮುಖ ಅತ್ತ ತಿರುಗಿಸಿ, "ಈಗ ನೀ ಮುಟ್ಟೀಯೋ ಬಿಟ್ಟೀಯೋ, ನನಗ ಗೊತ್ತಾಗೂದಿಲ್ಲ" ಎಂದಳು.

ಸ್ಪರ್ಶ ಹೋಗಬಹುದು ಎಂಬ ಮಾತನ್ನು ನಾನು ನೂರು ಸಲ ಉರು ಹೊಡೆದಿದ್ದೆ. ತಿಳಿದದ್ದು ಆಗ. ಅವ್ವಾ, ತಿಳಿದದ್ದು ನನ್ನ ವಿಷಯವಲ್ಲ, ನಿನ್ನದು.

ನಿನ್ನ ಸಹನಾ ಮುದುಕಿಯಾದ ಮೇಲೂ ಮೊಮ್ಮಕ್ಕಳ ಮುಂದೆ ಒಂದು ಮಾತು ಹೇಳುತ್ತಿದ್ದಳಂತೆ. "ನಮ್ಮವ್ವಗ ದವಾಖಾನಿಯಿಂದ ಬಂದಮ್ಯಾಲೆ ನಾ ಬ್ಯಾಡಾದೆ. ಎದಿಮ್ಯಾಲೆ ತಲಿ ಇಟ್ರ ಸರಸ್ತಿದ್ಲು." ಐದು ವರ್ಷದ ಹುಡುಗಿ, ನಿನ್ನ ಎಡಗಡೆಯೇ ಮಲಗಿ ರೂಢಿ. ನೀನು ಅವಳನ್ನು ಬಲಗಡೆಗೆ ಎಳೆದುಕೊಳ್ಳುತ್ತಿದ್ದೆ, ಏಕೆಂದರೆ ಅವಳ ಸ್ಪರ್ಶ ನಿನಗೆ ಗೊತ್ತಾಗುತ್ತಿದ್ದುದು ಅಲ್ಲಿ ಮಾತ್ರ. ಹೀಗಾಗಬಹುದೆಂದು ನಿನಗೆ ಯಾರೂ ಮೊದಲೇ ಹೇಳಿರಲಿಕ್ಕಿಲ್ಲ. ನಿನ್ನಲ್ಲೇ ಏನೋ ಕೆಟ್ಟಿದೆ ಎಂದುಕೊಂಡು ನೀನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಕ್ಕಿಲ್ಲ. ನೂರು ವರ್ಷ ಹಿಂದೆ ಬಂದು ನಿನ್ನ ಪಕ್ಕ ಜೊತೆಗಾತಿಯಾಗಿ ಕೂರಲು ಆಗಿದ್ದರೆ! ನಿನ್ನ ಕೈ ಹಿಡಿದುಕೊಳ್ಳಲು ಆಗಿದ್ದರೆ!

ನಮ್ಮ ಕಾಯ್ದೆ ನಿನ್ನ ಕಾಲಕ್ಕೆ ತಲುಪಲಾರದು. ನೀನೇ ಡಾಕ್ಟರನ್ನು ಕೇಳು. ಇಂಪ್ಲಾಂಟ್ ಎಷ್ಟು ವರ್ಷ ಬಾಳುತ್ತದೆ, ಒಡೆದರೆ ಏನು, ಸ್ಪರ್ಶ ಉಳಿಯುತ್ತದೆಯೇ ಎಂದು ಕೇಳು. ಅವರಿಗೆ ಹೊತ್ತಾದರೆ ಆಗಲಿ. ಕೇಳಿದ ಮೇಲೂ ಬೇಕೆನಿಸಿದರೆ ಮಾಡಿಸಿಕೋ, ನಾನೂ ಮಾಡಿಸಿಕೊಳ್ಳುತ್ತಿದ್ದೇನೆ. ಕುಪ್ಪಸ ಎರಡೂ ಕಡೆ ಸಮನಾಗಿ ಕೂರಬೇಕೆಂಬ ಆಸೆಗೆ ನಾಚಬೇಕಾಗಿಲ್ಲ.

ಆದರೆ ಸಹನಾಳನ್ನು ಸರಿಸುವಾಗ, "ಈ ಕಡೆ ನೀ ಇದ್ದದ್ದು ನನಗ ಗೊತ್ತಾಗೂದಿಲ್ಲವಾ, ಆ ಕಡೆ ಬಾ" ಎಂದು ಹೇಳು. ಅಷ್ಟು ಹೇಳಿದರೆ ಸಾಕು, ಆ ಮಗು ತಾನು ಏನು ತಪ್ಪು ಮಾಡಿದೆ ಎಂದು ಜೀವಮಾನವಿಡೀ ಹುಡುಕುವುದಿಲ್ಲ.

ನಿನ್ನನ್ನು ಎಂದೂ ಕಾಣದ,
ಮುಕ್ತಾ