ಸೋಲಾಪುರದ ಬಿಸಿಲಿಗೊಂದು ಹೀಟರ್

ಪ್ರೀತಿಯ ಕಾಕಾ,

ಅಲ್ಲಿ ಹವೆ ಹೇಗಿದೆಯೋ ಗೊತ್ತಿಲ್ಲ. ಸ್ವರ್ಗದಲ್ಲಿದ್ದರೆ ತಂಪಾಗಿರಬೇಕು. ಇನ್ನೊಂದು ಕಡೆ ಇದ್ದರೂ ನಿಮಗೆ ತ್ರಾಸಿಲ್ಲ. ನಿಮ್ಮ ಗಾಡಿಯಲ್ಲಿ ಕೂತು ರೂಢಿಯಾಗಿದೆ. ಇಲ್ಲಿ ಸೋಲಾಪುರದಲ್ಲಿ ಮೇ ತಿಂಗಳು, ಡಾಂಬರು ಚಪ್ಪಲಿಗೆ ಅಂಟುತ್ತಿದೆ. ಇಂಥ ಊರಲ್ಲಿ ಕೂತು ಇಡೀ ರಜೆ ನಾನು ಮಾಡಿದ್ದೇನು? ಕಾರಿನ ಹೀಟರ್ ರಿಪೇರಿ! ಕಾಲೇಜಿನಲ್ಲಿ ಪಾಠ ಹೇಳುವವಳು ಈ ಮಾತನ್ನು ಯಾರ ಮುಂದೆ ಆಡಲಿ? ನಿಮ್ಮ ಮುಂದೆಯೇ ಆಡಬೇಕು. ತಪ್ಪೂ ನಿಮ್ಮದೇ.

ಆ ಹಳೆಯ ಪರದೇಶಿ ಗಾಡಿಯನ್ನು ನಮ್ಮ ಚಾದರದ ಅಂಗಡಿ ಮುಂದೆ ತಂದು ನಿಲ್ಲಿಸಿದ ದಿನ ನೆನಪಿದೆಯೇ? "ಕಂಪನಿ ಕೊಟ್ಟದ್ದು ಒಂದ ನಟ್ ಸುದ್ದಾ ತಗಿಯಂಗಿಲ್ಲ" ಎಂದು ಸಾರಿದಿರಿ. ಮುಂದೆ ಒಂದು ಗುರುವಾರ ಗಂಡ-ಹೆಂಡತಿ ಜೋಡಿಯಾಗಿ, ಕಾಕೂನನ್ನು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಅಕ್ಕಲಕೋಟೆಗೆ ದರ್ಶನಕ್ಕೆ ಹೊರಟಿರಿ. ಹೋಗುವಾಗ ತಣ್ಣಗೆ ಹೋದಿರಿ. ಮಧ್ಯಾಹ್ನ ಮರಳುವಾಗ ಹೀಟರ್ ತಾನಾಗಿಯೇ ಹತ್ತಿಕೊಂಡು ಕಾಕೂನ ಪಾದಕ್ಕೆ ಸೀದಾ ಬಿಸಿಗಾಳಿ ಊದಿತು. ನಡುದಾರಿಯ ವಳಸಂಗದಲ್ಲಿ ಕಾಕೂ ಇಳಿದೇಬಿಟ್ಟರು.

"ಕಾಲ ಸುಟ್ಟು ಹಪ್ಪಳ ಆದ್ವು! ಈ ಒಲಿ ಆರೂತನಕಾ ನಾ ಇದರಾಗ ಕಾಲ ಇಡಂಗಿಲ್ಲ!"

ಅಲ್ಲಿಂದ ಎಸ್‌ಟಿ ಬಸ್ಸು ಹತ್ತಿದವರು ಮತ್ತೆ ಇಳಿಯಲಿಲ್ಲ. ಪ್ರತಿ ಗುರುವಾರ ನೀವು ಕಾರಿನಲ್ಲಿ, ಅವರು ಬಸ್ಸಿನಲ್ಲಿ. ಬಸ್ಸೇ ಮೊದಲು ಮುಟ್ಟುತ್ತಿತ್ತು. ಗುಡಿಯ ಮುಂದೆ ತೆಂಗಿನಕಾಯಿ ಹಿಡಿದು ಕಾಕೂ, "ಬಂದ್ರೇನು ಸಾಹೇಬ್ರು?" ಎಂದು ಕೇಳುವುದು, ನೀವು ನಗುವುದು. ಪೇಟೆಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಹೊರಡುವ ಮುಂಚೆ ಆ ಖಾಲಿ ಸೀಟನ್ನು ನೀವು ಒರೆಸುತ್ತಿದ್ದಿರಲ್ಲ, ಅದನ್ನು ನೋಡಿದಾಗ ಮಾತ್ರ...

ಇರಲಿ. ನೀವು ಹೋದಮೇಲೆ ಕಾಕೂನ ಮೊಣಕಾಲು ಕೈಕೊಟ್ಟವು. ಎಸ್‌ಟಿಯ ಮೆಟ್ಟಿಲು ಹತ್ತಲಾಗುವುದಿಲ್ಲ. ಗುರುವಾರ ಬಂದರೆ ಅಂಗಳದಲ್ಲಿ ಸುಮ್ಮನೆ ಕೂರುತ್ತಿದ್ದರು. ಕಾರಿನಲ್ಲಿ ಹೋಗೋಣ ಎಂದರೆ ಹಳೆಯ ಆಣೆ. ಕೊನೆಗೊಂದು ದಿನ ಅವರೇ ಹೇಳಿದರು: "ಒಲಿ ಆರಿಸಿದ್ರ ಇಟ್ಕೊ. ಇಲ್ಲಂದ್ರ ಐತವಾರ ಭಂಗಾರದವ ಬರ್ತಾನ, ತೂಕಕ್ಕ ಹಾಕಿಬಿಡು." ನೋಡಿದಿರಾ? ನಿಮ್ಮ ಬಂಗಾರಕ್ಕೆ ಹೊಟ್ಟೆ ಸೀಳಿ ಭಂಗಾರ, ಅಂದರೆ ಗುಜರಿ, ಮಾಡುವ ಸಿದ್ಧತೆ ನಡೆದಿತ್ತು.

ಮಿಸ್ತ್ರಿ ಬಂದ, ಬಾನೆಟ್ ಎತ್ತಿದ, ನನ್ನನ್ನೇ ಕೇಳಿದ: "ಸೋಲಾಪುರಾತ ಹೀಟರ್ ಕಶಾಲಾ, ಮ್ಯಾಡಮ್?" ಈ ಊರಲ್ಲಿ ಹೀಟರ್ ಯಾತಕ್ಕೆ ಎಂದು ನಾನೂ ಕೇಳುತ್ತಿದ್ದೇನೆ! ಅದರ ವಿಚಾರ ಓದಿದಾಗ ತಲೆ ಇನ್ನೂ ಕೆಟ್ಟಿತು. ಎಂಜಿನ್ ಉಸಿರೆಳೆಯುವ ಸೆಳೆತ ಒಂದು ಸಣ್ಣ ಕೊಳವೆಯಲ್ಲಿ ಹಾದು ಬಂದು ಬಿಸಿನೀರಿನ ವಾಲ್ವನ್ನು ಮುಚ್ಚಿ ಹಿಡಿಯುತ್ತದಂತೆ. ಸೆಳೆತ ತಪ್ಪಿದರೆ ವಾಲ್ವ್ ತೆರೆದುಕೊಂಡು ಹೀಟರ್ ಶುರು. ಚಳಿದೇಶದವರು ಸೆಟೆದು ಸಾಯಬಾರದಲ್ಲ! ಅಂದರೆ ಕಾಕೂಗೆ ವಾತದ ಕಾಟ, ಗಾಡಿಗೆ ನಿರ್ವಾತದ ಕಾಟ. ಕೊಳವೆಯ ವಾಲ್ವಿನ ಕಡೆಯ ತುದಿಯನ್ನು ಬಾಯಲ್ಲಿಟ್ಟು ನಾನೇ ಎಳೆದು ನೋಡಿದೆ. ಮುಚ್ಚಿತು, ಮುಚ್ಚಿಕೊಂಡೇ ಇತ್ತು. ಎಂಜಿನ್ ಚಾಲೂ ಮಾಡಿದರೂ ಎಲ್ಲ ಸರಿ. "ಕಾಹೀ ಪ್ರಾಬ್ಲೆಮ್ ನಾಹೀ" ಎಂದು ಮಿಸ್ತ್ರಿ ಕೈ ಒರೆಸಿಕೊಂಡ. ಮರುದಿನವೂ ಅದೇ. ಪ್ರಾಬ್ಲೆಮ್ ಇಲ್ಲದಿರುವುದೇ ಪ್ರಾಬ್ಲೆಮ್ ಆದರೆ ಮನುಷ್ಯರು ಎಲ್ಲಿ ತಲೆ ಚಚ್ಚಿಕೊಳ್ಳಬೇಕು?

ಶನಿವಾರ ಕಾಕೂ ಹಪ್ಪಳ ಒಣಗಿಸುತ್ತ ಅಲ್ಲಿಂದಲೇ ಕೂಗಿದರು: "ಮುಂಜಾನಿ ತಂಪನ್ಯಾಗ ನೋಡಿದ್ರ ಏನ ಸಿಗ್ತದ? ನನ್ನ ಕಾಲ ಸುಟ್ಟಿದ್ದು ಮಟಮಟ ಮಧ್ಯಾಹ್ನ. ಆಗಿಂದ ಹೇಳಾಕತ್ತೀನಿ, ಒಬ್ರರ ಕೇಳ್ತೀರೇನು?"

ಗಾಡಿಯನ್ನು ಬಿಸಿಲಿಗೆ ಬಿಟ್ಟು, ಊಟ ಮುಗಿಸಿ ಬಂದು ಚಾಲೂ ಮಾಡಿದೆ. ಎಂಜಿನ್ ಕಾಯುತ್ತಲೇ ಬಿಸಿಗಾಳಿ ಭುಸ್ಸೆಂದಿತು! ಬಾನೆಟ್ ಎತ್ತಿ ನೋಡಿದರೆ ಕಂಪನಿಯ ಕಪ್ಪು ರಬ್ಬರಿನ ನಡುವೆ, ಎಂಜಿನ್ನಿನ ಹಿಂದಿನ ಮರೆಯಲ್ಲಿ, ಗೇಣುದ್ದದ ಬೇರೆ ಕೊಳವೆ. ಮಬ್ಬಾದ ಪ್ಲಾಸ್ಟಿಕ್, ಬಿಸಿಗೆ ಮೆತ್ತಗಾಗಿ, ಎಂಜಿನ್ನಿನ ಸೆಳೆತಕ್ಕೆ ಚಪ್ಪಟೆಯಾಗಿ ಅಂಟಿಕೊಂಡಿತ್ತು; ಸೆಳೆತ ವಾಲ್ವಿಗೆ ಮುಟ್ಟುತ್ತಲೇ ಇರಲಿಲ್ಲ. ಅದು ಸಲೈನ್ ನಳಿಗೆ, ಕಾಕಾ. ಎರಡೂ ತುದಿಗೆ ಚಾದರದ ನೂಲು, ಅಂಗಡಿಯಲ್ಲಿ ಮೂಟೆ ಕಟ್ಟುವಾಗ ನೀವು ಹಾಕುತ್ತಿದ್ದ ಅದೇ ಗಂಟು. ಗಾಡಿ ತಂದ ಹೊಸದರಲ್ಲಿ ಕಾಮಾಲೆಯಾಗಿ ದವಾಖಾನೆಯಲ್ಲಿದ್ದಿರಲ್ಲ, ಆಗ ಜೇಬಿಗಿಳಿಸಿಕೊಂಡು ಬಂದಿರಾ? ಒಂದು ನಟ್ ಸುದ್ದಾ ಬಿಚ್ಚಬಾರದು ಎಂದವರು ಗಾಡಿಗೇ ಸಲೈನ್ ಹಚ್ಚಿದಿರಾ? ಮಿಸ್ತ್ರಿಗಳನ್ನು ಬೈದಿರಿ, ಕಂಪನಿಯನ್ನು ಬೈದಿರಿ, ಆ ದೇಶದ ರಾಜನನ್ನೂ ಬಿಡಲಿಲ್ಲ. ಒಂದೇ ಒಂದು ಮಧ್ಯಾಹ್ನ ಬಾನೆಟ್ ಎತ್ತಿ ನೋಡಿದ್ದರೆ...

ನಳಿಗೆಯನ್ನು ಕಾಕೂನ ಕೈಗೆ ಕೊಟ್ಟೆ. ಗಂಟು ನೋಡಿದರು. "ಶಾಣ್ಯಾ ಮನಷ್ಯಾ," ಎಂದರು. ಬಹಳ ಹೊತ್ತು ಕೈಯಿಂದ ಕೆಳಗಿಡಲಿಲ್ಲ.

ದಪ್ಪ ರಬ್ಬರಿನ ಕೊಳವೆ ಹಾಕಿದೆ. ಮರುದಿನ ಐತವಾರ ಭಂಗಾರದವನನ್ನು ಕಾಕೂ ಚಹಾ ಕುಡಿಸಿ ಕಳಿಸಿದರು. ಗುರುವಾರ ಸೀಟು ಒರೆಸಿದೆ. ಅಕ್ಕಲಕೋಟೆಯಿಂದ ಮರಳುವಾಗ ಮಟಮಟ ಮಧ್ಯಾಹ್ನ. ಕಾಕೂ ನಂಬಲಿಲ್ಲ, ಆ ಮೊಣಕಾಲಿನಲ್ಲೂ ಕಾಲನ್ನು ಮೇಲಕ್ಕೆತ್ತಿ ಹಿಡಿದು ಕೂತರು. ವಳಸಂಗ ಬಂತು. ಒಂದು ಹೆಬ್ಬೆರಳು ಇಳಿಯಿತು. ಆಮೇಲೆ ಒಂದು ಪಾದ. ಆಮೇಲೆ ಚಪ್ಪಲಿ ಬಿಟ್ಟು ಎರಡನ್ನೂ ಚಾಚಿ, ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದರು. ಹೌದು ಕಾಕಾ, ನಿಮ್ಮ ಗಾಡಿಯಲ್ಲಿ, ನಿಮ್ಮ ಪಕ್ಕದ ಸೀಟಿನಲ್ಲಿ.

ಸೋಲಾಪುರದ ಹತ್ತಿರ ಒಂದು ತಗ್ಗಿಗೆ ಗಾಡಿ ಕುಲುಕಿತು. ಕಣ್ಣು ತೆರೆಯದೆಯೇ ಅವರು ಅಂದರು: "ಸಾವಕಾಶ ಹೊಡೀರಿ, ಏನ ಗಡಬಡಿ ಅದ ನಿಮಗ?"

ಅದು ನನಗೆ ಹೇಳಿದ್ದಲ್ಲ. ಆದರೂ ನಿಮ್ಮ ಪರವಾಗಿ "ಹ್ಞೂಂ" ಎಂದೆ. ಸಾವಕಾಶವೇ ಹೊಡೆದೆ, ಕಾಕಾ. ಇನ್ನು ಮುಂದೆಯೂ ಹಾಗೇ ಹೊಡೆಯುತ್ತೇನೆ. ಅದಕ್ಕಿಂತ ಜೋರಾಗಿ ನಿಮ್ಮ ಬಂಗಾರ ಹೋಗುವುದೂ ಇಲ್ಲ.

ನಿಮ್ಮ,
ಸುಮಿ